ಹಳೆಯ ಬುಲೆಟ್‌ನ ಎಂಜಿನ್ ಮನೆಯ ಕೊಟ್ಟಿಗೆಯಲ್ಲೇ ಇಳಿಸಬಹುದಾ?

ಬದಿಯಡ್ಕದ_ತೋಟದವ

ನಮಸ್ಕಾರ ಎಲ್ಲರಿಗೂ. ಅಪ್ಪನ ಬುಲೆಟ್ ಒಂದು ಮನೆಯಲ್ಲಿ ಉಂಟು. 350, 1974ರಲ್ಲಿ ತೆಗೆದುಕೊಂಡದ್ದು. ಅಪ್ಪ ತೀರಿಕೊಂಡ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ವಾರಕ್ಕೊಮ್ಮೆ ನೀರ್ಚಾಲಿನವರೆಗೆ ಹೋಗಿ ಬರುತ್ತಿದ್ದೆ. ಈಗ ಎರಡು ತಿಂಗಳಿಂದ ಎಂಜಿನ್ನಿನ ಕೆಳಗಿನಿಂದ ಟೊಕ್ ಟೊಕ್ ಎಂಬ ಸದ್ದು. ನಿಂತಲ್ಲಿ ಕಮ್ಮಿ, ಗುಡ್ಡ ಹತ್ತುವಾಗ ಜಾಸ್ತಿ.

ಇದನ್ನು ಬಲ್ಲ ಮೇಸ್ತ್ರಿ ಒಬ್ಬರಿದ್ದಾರೆ. ಅವರಿಗೆ ವಯಸ್ಸಾಗಿದೆ. ಬಿಗ್ ಎಂಡ್ (ಪಿಸ್ಟನ್ನಿನ ರಾಡು ಕೆಳಗೆ ಕ್ರ್ಯಾಂಕಿಗೆ ಕೂಡುವಲ್ಲಿನ ಬೇರಿಂಗ್) ಹೋಗಿರಬೇಕು, ಎಂಜಿನ್ ಇಳಿಸಿ ತಂದುಕೊಟ್ಟರೆ ಮಂಗಳೂರಿನಲ್ಲಿ ಲೇತ್ ಕೆಲಸ ಮಾಡಿಸಿ ಜೋಡಿಸಿಕೊಡುತ್ತೇನೆ, ಆದರೆ ಭಾರ ಎತ್ತುವುದು ನನ್ನಿಂದಾಗದು ಎಂದರು. ಇಡೀ ಬೈಕನ್ನು ಪಿಕಪ್‌ನಲ್ಲಿ ಹಾಕಿ ಕಳಿಸಲು ನನಗೆ ಮನಸ್ಸಿಲ್ಲ. ಬಿಚ್ಚಿಟ್ಟ ಗಾಡಿ ಎಲ್ಲೋ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿರುವುದನ್ನು ತುಂಬಾ ನೋಡಿದ್ದೇನೆ.

ಹಾಗಾಗಿ ಮನೆಯಲ್ಲೇ ಇಳಿಸುವ ಯೋಚನೆ. ದನ ಇಲ್ಲದ ಹಳೆಯ ಕೊಟ್ಟಿಗೆ ಖಾಲಿ ಉಂಟು, ಮೇಲೆ ಹಲಸಿನ ಮರದ ತೊಲೆ. ಅದಕ್ಕೆ ಬಾವಿಯ ರಾಟೆ ಕಟ್ಟಿ, ಕತ್ತದ ಹಗ್ಗ ಹಾಕಿ ಎತ್ತಬಹುದಾ? ನಾನು ಮತ್ತು ಅಕ್ಕನ ಮಗ, ಇಬ್ಬರೇ. ಹೆಡ್ (ಎಂಜಿನ್ನಿನ ಮೇಲಿನ ಮುಚ್ಚಳ) ಮೊದಲೇ ಬಿಚ್ಚಬೇಕಾ, ಅಥವಾ ಇಡಿಯಾಗಿ ತೆಗೆಯಬೇಕಾ? ಇಳಿಸುವುದಕ್ಕಿಂತ ವಾಪಸ್ ಕೂರಿಸುವುದೇ ಕಷ್ಟ ಎಂದು ಹೇಳುತ್ತಾರೆ, ಅದು ಹೌದಾ?

ಅಮ್ಮ ಗಡುವು ಕೊಟ್ಟಿದ್ದಾರೆ. ಅಡಿಕೆ ಕೊಯ್ದು ಅಂಗಳಕ್ಕೆ ಬೀಳುವ ಮೊದಲು ಎಣ್ಣೆಯ ಕೆಲಸ ಎಲ್ಲ ಮುಗಿದು ಅಂಗಳ ಚೊಕ್ಕ ಆಗಬೇಕಂತೆ.

ಹೊಸೂರು_ಫಿಟ್ಟರ್

ಅಣ್ಣ, ಮೊದಲು ಒಂದು ಮಾತು. ಸದ್ದು ಬಂತು ಎಂದು ಸೀದಾ ಎಂಜಿನ್ ಇಳಿಸಬೇಡಿ. ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನ್ ಸಡಿಲವಾದರೂ ಎಡಗಡೆಯಿಂದ ಹೆಚ್ಚುಕಮ್ಮಿ ಇಂಥದ್ದೇ ಸದ್ದು ಬರುತ್ತದೆ. ಪಿಸ್ಟನ್ ಸವೆದಿದ್ದರೂ ಬರುತ್ತದೆ. ಟ್ಯಾಂಕ್ ತೆಗೆದರೆ ಹೆಡ್ಡು, ಬ್ಯಾರೆಲ್ (ಪಿಸ್ಟನ್ ಓಡುವ ಕೊಳವೆ) ಎರಡನ್ನೂ ಬೈಕಿನಲ್ಲಿದ್ದ ಹಾಗೇ ಬಿಚ್ಚಬಹುದು. ಬಿಚ್ಚಿ, ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಕೆಳಗಿನ ಡಬ್ಬಿಯ, ಬಾಯಿಗೆ ಚೊಕ್ಕ ಬಟ್ಟೆ ತುರುಕಿ. ಪಿಸ್ಟನ್ನಿನ ರಾಡನ್ನು ಮೇಲಕ್ಕೆ ತಂದು, ಎರಡು ಕೈಯಲ್ಲಿ ಹಿಡಿದು ನೇರವಾಗಿ ಎಳೆದು ಒತ್ತಿ ನೋಡಿ. ಪಕ್ಕಕ್ಕೆ ಸ್ವಲ್ಪ ಅಲುಗಿದರೆ ಗಾಬರಿ ಬೇಡ. ಮೇಲೆ ಕೆಳಗೆ ಆಟ ಸಿಕ್ಕಿದರೆ ಮೇಸ್ತ್ರಿ ಹೇಳಿದ್ದೇ ಸರಿ.

ಇದರಿಂದ ಇನ್ನೊಂದು ಲಾಭ. ಬ್ಯಾರೆಲ್ ಬೀಡು ಕಬ್ಬಿಣದ್ದು. ಅದು ಹೋದರೆ ಎತ್ತುವ ಭಾರ ಎಷ್ಟೋ ಇಳಿಯುತ್ತದೆ.

ಆದೋನಿ_ಬುಲೆಟ್

ನಾನು ಒಪ್ಪುವುದಿಲ್ಲ. ಕೊಟ್ಟಿಗೆ ಎನ್ನುತ್ತಿದ್ದಾರೆ. ಮೇಲೆ ಹಂಚು, ಸಂದಿಯಲ್ಲಿ ಹಳೆಯ ಹುಲ್ಲಿನ ಧೂಳು. ಅಲ್ಲಿ ಹೆಡ್ ಬಿಚ್ಚಿದರೆ ಎಲ್ಲ ಧೂಳು ಒಳಗೆ. ನಮ್ಮ ಆದೋನಿಯಲ್ಲಿ ಬೇಸಿಗೆಯ ಗಾಳಿಗೆ ಕಿಟಕಿ ತೆಗೆದರೆ ತಟ್ಟೆಯಲ್ಲಿ ಮಣ್ಣು. ನಾವು ಯಾವಾಗಲೂ ಎಂಜಿನ್ ಇಡಿಯಾಗಿ ಇಳಿಸಿ, ತೊಳೆದು, ಒಳಗೆ ಮೇಜಿನ ಮೇಲೆ ಇಟ್ಟೇ ಬಿಚ್ಚುವುದು.

ಹೊಸೂರು_ಫಿಟ್ಟರ್

ನಿಮ್ಮ ಹತ್ತಿರ ನಾಲ್ಕು ಜನ ಹುಡುಗರು ಇದ್ದಾರೆ, ಅವರ ಹತ್ತಿರ ಅಕ್ಕನ ಮಗ ಒಬ್ಬ. ಧೂಳಿಗೆ ಬಟ್ಟೆ ಮುಚ್ಚಬಹುದು, ಸೊಂಟಕ್ಕೆ ಏನು ಮುಚ್ಚುತ್ತೀರಿ?

ಮಂಜೇಶ್ವರದ_ಮೇಷ್ಟ್ರು

ರಾಟೆಯ ವಿಷಯಕ್ಕೆ ಬರುತ್ತೇನೆ. ತೊಲೆಗೆ ಕಟ್ಟಿದ ಒಂದು ರಾಟೆಯಿಂದ ಭಾರ ಒಂದು ಚೂರೂ ಕಮ್ಮಿಯಾಗುವುದಿಲ್ಲ. ಎಳೆಯುವ ದಿಕ್ಕು ಮಾತ್ರ ಬದಲಾಗುತ್ತದೆ. ಬಾವಿಯಿಂದ ಕೊಡ ಸೇದುವಾಗ ಹಗುರ ಅನಿಸುವುದು ನಾವು ಮೈಭಾರ ಕೊಟ್ಟು ಕೆಳಗೆ ಎಳೆಯುತ್ತೇವೆ ಎಂಬ ಕಾರಣಕ್ಕೆ. ಇನ್ನೊಂದು ರಾಟೆಯನ್ನು ಭಾರದ ಜೊತೆಗೇ ಚಲಿಸುವ ಹಾಗೆ ಕಟ್ಟಿದರೆ ಆಗ ಬಲ ಅರ್ಧ ಸಾಕು. ಆದರೆ ಒಂದು ಅಡಿ ಎತ್ತಲು ಎರಡು ಅಡಿ ಹಗ್ಗ ಎಳೆಯಬೇಕು.

ಮತ್ತೊಂದು. ನೀವು ಕೈಯಲ್ಲಿ ಎಳೆದು ಹಿಡಿದಿರುವಾಗ ತೊಲೆಯ ಮೇಲೆ ಬೀಳುವುದು ಎಂಜಿನ್ನಿನ ಭಾರ ಮಾತ್ರ ಅಲ್ಲ, ನೀವು ಎಳೆಯುವ ಬಲವೂ ಸೇರುತ್ತದೆ. ಒಂದೇ ರಾಟೆಯಾದರೆ ತೊಲೆಗೆ ಸುಮಾರು ಎರಡು ಪಟ್ಟು ಭಾರ. ಹಳೆಯ ತೊಲೆಯನ್ನು ನಂಬುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಅಕ್ಕಲಕೋಟೆ_ಸವಾರ

ಮೇಷ್ಟ್ರು ಹೇಳಿದ ಮಾತು ಖರೇ ನೋಡ್ರಿ. ನನಗೆ ಆದದ್ದು ಹೇಳುತ್ತೇನೆ. ನಮ್ಮದು ಸೊಲ್ಲಾಪುರ ಜಿಲ್ಲೆ. ಹೊಲದ ಮನೆಯಲ್ಲಿ ಕಾಕಾನ ಬುಲೆಟ್ ಬಿಚ್ಚಿದ್ದೆವು. ಮಾಳಿಗೆಯ ಜಂತಿಗೆ ಗಡಗಡೆ ಕಟ್ಟಿ ಎಂಜಿನ್ ಮೇಲೆ ಎತ್ತಿದೆವು. ಎತ್ತುವ ತನಕ ಏನೂ ಆಗಲಿಲ್ಲ. ಮೂರು ಬೋಲ್ಟ್ ಬಿಚ್ಚಿದ್ದೆವು, ಒಂದು ಉಳಿದಿತ್ತು. ಅದನ್ನು ಬಡಿದು ಹೊರಗೆ ತೆಗೆದ ಕೂಡಲೇ ಎಂಜಿನ್ ಹಿಂದಕ್ಕೆ ತೂಗಿತು. ಹಗ್ಗದ ಗಂಟು ಸರಿದು ಎಂಜಿನ್ ಒಂದು ಗೇಣು ಕೆಳಗೆ ಬಂತು. ನನ್ನ ಎಡಗೈ ಉಂಗುರದ ಬೆರಳು ಫ್ರೇಮ್ ಮತ್ತು ಕೇಸಿನ ನಡುವೆ ಸಿಕ್ಕಿತು. ಉಗುರು ಹೋಯಿತು, ತುದಿಯ ಎಲುಬು ಬಿರುಕು ಬಿಟ್ಟಿತು. ಇವತ್ತಿಗೂ ಚಳಿಗಾಲದಲ್ಲಿ ಆ ಬೆರಳು ಭಾಳ ನೋಯುತ್ತದೆ.

ಜಂತಿ ಮುರಿಯಲಿಲ್ಲ, ಹಗ್ಗ ಹರಿಯಲಿಲ್ಲ. ಭಾರ ಎಲ್ಲಿ ಕೂತಿದೆ ಎಂದು ನಮಗೆ ಗೊತ್ತಿರಲಿಲ್ಲ, ಅದೇ ತಪ್ಪು. ಕಡೆಯ ಬೋಲ್ಟ್ ತೆಗೆಯುವಾಗ ಕೆಳಗಿನಿಂದ ಜಾಕ್ ಆಸರೆ ಇಲ್ಲದೆ ಕೈ ಹಾಕಬೇಡ್ರಿ.

ಬದಿಯಡ್ಕದ_ತೋಟದವ

ಅಯ್ಯೋ ದೇವರೇ. ಹೇಳಿದ್ದು ಒಳ್ಳೆಯದಾಯಿತು ಅಣ್ಣ. ಕತ್ತದ ಹಗ್ಗದ ಆಸೆ ಬಿಟ್ಟೆ. ಮಳೆಗಾಲ ಪೂರ್ತಿ ಬಾವಿಕಟ್ಟೆಯಲ್ಲೇ ಇತ್ತು, ಈಗ ತಿರುಚಿ ನೋಡಿದರೆ ಒಳಗಿನ ನಾರು ಕಪ್ಪಾಗಿ ಪುಡಿ ಪುಡಿ ಬರುತ್ತದೆ.

ಪೆರ್ಲದ_ಜಾವಾ

ನನ್ನ ಹತ್ತಿರ ಒಂದು ಟನ್ನಿನ ಚೈನ್ ಬ್ಲಾಕ್ ಉಂಟು, ಪಂಪ್ ಬಾವಿಯಿಂದ ಎತ್ತಲು ತಂದದ್ದು. ಬೇಕಾದರೆ ಕೊಡುತ್ತೇನೆ, ಬಂದು ತೆಗೆದುಕೊಂಡು ಹೋಗಿ. ಅದರಲ್ಲಿ ಚೈನ್ ಬಿಟ್ಟರೂ ಭಾರ ಇದ್ದಲ್ಲೇ ನಿಲ್ಲುತ್ತದೆ.

ಆದರೆ ನನ್ನ ಹಾಗೆ ಜಾವಾ ಬೈಕ್ ಇಟ್ಟುಕೊಂಡಿದ್ದರೆ ಇದು ಯಾವುದೂ ಬೇಡ ಮಾರಾಯ್ರೆ. ನನ್ನ ಎಂಜಿನ್ ನಾನೊಬ್ಬನೇ ತೆಗೆದು ಜಗಲಿಯ ಚಿಟ್ಟೆಯ ಮೇಲೆ ಇಡುತ್ತೇನೆ. ಕಾರ್ಬುರೇಟರ್, ಎರಡು ಸೈಲೆನ್ಸರ್, ಕ್ಲಚ್ ಕೇಬಲ್, ವಯರು, ಚೈನು, ಆಮೇಲೆ ಎಂಜಿನ್ ಬೋಲ್ಟು. ಅಷ್ಟೇ.

ತಾಳವಾಡಿ_350

ಜಾವಾದ ಚೈನ್ ಪೂರ್ತಿ ತಗಡಿನ ಡಬ್ಬಿಯೊಳಗೆ ಇರುತ್ತದಲ್ವಾ? ಅದನ್ನು ವಾಪಸ್ ಹಾಕಲು ನನ್ನ ತಮ್ಮ ಒಂದು ಇಡೀ ಸಂಜೆ ಒದ್ದಾಡಿದ್ದ.

ಪೆರ್ಲದ_ಜಾವಾ

ಅದಕ್ಕೆ ಉಪಾಯ ಉಂಟು. ಚೈನ್ ಲಾಕ್ ಬಿಚ್ಚಿದ ಕೂಡಲೇ ಎಳೆಯಬೇಡಿ. ಒಂದು ತುದಿಗೆ ಉದ್ದನೆಯ ಕಟ್ಟುವ ತಂತಿ ಸಿಕ್ಕಿಸಿ ಆಮೇಲೆ ಎಳೆಯಿರಿ. ಚೈನ್ ಹೊರಗೆ ಬರುವಾಗ ತಂತಿ ಅದರ ದಾರಿಯಲ್ಲಿ ಒಳಗೆ ಉಳಿಯುತ್ತದೆ. ಹಾಕುವಾಗ ಆ ತಂತಿ ಎಳೆದರೆ ಚೈನ್ ತಾನಾಗಿ ಬರುತ್ತದೆ. ಹಳೆಯ ಚೈನ್ ತುಂಡು ಇದ್ದರೆ ತಂತಿಗಿಂತಲೂ ಒಳ್ಳೆಯದು, ಹಲ್ಲಿನ ಚಕ್ರದ ಮೇಲೆ ಸರಿಯಾಗಿ ಕೂತು ತಿರುಗುತ್ತದೆ.

ಆದೋನಿ_ಬುಲೆಟ್

ಇಲ್ಲಿ ಬುಲೆಟ್ ಮಾತು ನಡೆಯುತ್ತಿದೆ. ಜಾವಾ ಎರಡು ಸ್ಟ್ರೋಕಿನ 250. ಹಗುರ ಇರಲೇಬೇಕು. 70 ಮಿಲಿಮೀಟರ್ ಬೋರು, 90 ಮಿಲಿಮೀಟರ್ ಸ್ಟ್ರೋಕು, ಒಳಗೆ ಅಷ್ಟು ದೊಡ್ಡ ಫ್ಲೈವೀಲ್ ಇರುವ ಎಂಜಿನ್ನಿಗೂ ಅದಕ್ಕೂ ಯಾವ ಹೋಲಿಕೆ? ಆ ಡುಗ್ ಡುಗ್ ಬರುವುದು ಆ ಭಾರದಿಂದಲೇ.

ಪೆರ್ಲದ_ಜಾವಾ

ಹೋಲಿಕೆ ನಾನು ಮಾಡಲಿಲ್ಲ, ಅನುಕೂಲ ಹೇಳಿದೆ. ಕಿಕ್ಕರ್ ಮತ್ತು ಗೇರ್ ಒಂದೇ ಕಡ್ಡಿಯಲ್ಲಿ ಮಾಡಿದ ಬುದ್ಧಿ ಯಾವ ಬುಲೆಟ್‌ನಲ್ಲಿ ಉಂಟು ಹೇಳಿ. ಮೈಸೂರಿನಲ್ಲಿ ತಯಾರಾದ ಗಾಡಿ, ನಮಗೆ ಅಭಿಮಾನ ಇರುವುದು ತಪ್ಪಾ?

ಮಂಜೇಶ್ವರದ_ಮೇಷ್ಟ್ರು

ತಪ್ಪಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 70ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. ಬುಲೆಟ್‌ಗೂ ದಕ್ಷಿಣದ್ದೇ ಕಥೆ. ಸೈನ್ಯಕ್ಕೆ ಬೇಕೆಂದು ಇಂಗ್ಲೆಂಡಿನಿಂದ ತರಿಸಿದರು, 1955ರಲ್ಲಿ ಮದ್ರಾಸಿನಲ್ಲಿ ಕಂಪನಿ ಶುರುವಾಯಿತು, ತಿರುವೊತ್ತಿಯೂರಿನಲ್ಲಿ ಕಾರ್ಖಾನೆ. 1970ರ ಹೊತ್ತಿಗೆ ಇಂಗ್ಲೆಂಡಿನ ಮೂಲ ಕಂಪನಿಯೇ ನಿಂತಿತು, ಇಲ್ಲಿ ನಿಲ್ಲಲಿಲ್ಲ. ಕೆಲವರು 1974ರ ಗಾಡಿಯನ್ನೂ ಬ್ರಿಟಿಷರದ್ದು ಎನ್ನುತ್ತಾರೆ. ಅದು ಮದ್ರಾಸಿನದು.

ಮುಳ್ಳೇರಿಯದ_ಅಕ್ಕ

ಜಾವಾ ಬುಲೆಟ್ ಜಗಳ ಆಮೇಲೆ ಇಟ್ಟುಕೊಳ್ಳಿ. ನಾನು ಅಣ್ಣನ ಜೊತೆ ಸೇರಿ ಮನೆಯಲ್ಲೇ ಎರಡು ಸಲ ಬುಲೆಟ್ ಎಂಜಿನ್ ಇಳಿಸಿದ್ದೇನೆ. ಒಮ್ಮೆ ಕಷ್ಟಪಟ್ಟು, ಇನ್ನೊಮ್ಮೆ ಸುಲಭವಾಗಿ. ಎರಡನೇ ಸಲದ್ದು ಹೇಳುತ್ತೇನೆ.

ತಮ್ಮ, ನೀವೆಲ್ಲ ಎಂಜಿನ್ ಎತ್ತುವ ಯೋಚನೆಯಲ್ಲೇ ಇದ್ದೀರಿ. ಎತ್ತಲೇ ಬೇಡ. ಬುಲೆಟ್‌ನ ಫ್ರೇಮ್ ನೋಡಿ. ಮುಂದಿನ ಪೈಪ್ ಎಂಜಿನ್ನಿನ ಎದುರು ಬಂದು ಅಲ್ಲಿಗೇ ನಿಂತಿದೆ. ಎಂಜಿನ್ನಿನ ಅಡಿಗೆ ಪೈಪೇ ಇಲ್ಲ. ಎಂಜಿನ್ನೇ ಮುಂದಿನದನ್ನೂ ಹಿಂದಿನದನ್ನೂ ಹಿಡಿದುಕೊಂಡಿರುವುದು. ಅಂದರೆ ಕೆಳಗೆ ದಾರಿ ಖಾಲಿ. ತೊಲೆಗೆ ಫ್ರೇಮನ್ನು ಕಟ್ಟಿ, ಎಂಜಿನ್ನನ್ನಲ್ಲ. ಲಾರಿಯವರು ಸಾಮಾನು ಬಿಗಿಯುವ ಪಟ್ಟಿ ಉಂಟಲ್ಲ, ಅದನ್ನು ಹ್ಯಾಂಡಲ್ ಹತ್ತಿರ ಒಂದು, ಸೀಟಿನ ಕೆಳಗೆ ಒಂದು ಹಾಕಿ. ಎರಡು ಚಕ್ರವೂ ನೆಲದಲ್ಲೇ ಇರಲಿ, ಪಟ್ಟಿ ಸುಮ್ನೆ ಬಿಗಿಯಾಗಿ ಹಿಡಿದರೆ ಸಾಕು. ಎಂಜಿನ್ ಅಡಿಗೆ ಕಾರಿನ ಜಾಕ್, ಜಾಕಿನ ಮೇಲೆ ಮರದ ತುಂಡು. ಬೋಲ್ಟ್ ಬಿಚ್ಚಿದ ಮೇಲೆ ಜಾಕ್ ಇಳಿಸುತ್ತಾ ಬನ್ನಿ. ಹೆಡ್ಡು, ಬ್ಯಾರೆಲ್ ಮೊದಲೇ ತೆಗೆದಿದ್ದರೆ ಸ್ವಲ್ಪ ಇಳಿದ ಕೂಡಲೇ ಪಕ್ಕಕ್ಕೆ ಓರೆ ಮಾಡಿ ಹೊರಗೆ ಎಳೆಯಬಹುದು. ಪಕ್ಕದಲ್ಲಿ ಹಳೆಯ ಟಯರ್ ಮಲಗಿಸಿ ಇಡಿ, ಎಂಜಿನ್ ಅದರ ಮೇಲೆ ಕೂರುತ್ತದೆ, ಉರುಳುವುದಿಲ್ಲ.

ಗೇರ್ ಬಾಕ್ಸ್ ಎಂಜಿನ್ನಿನ ಬೆನ್ನಿಗೆ ನಾಲ್ಕು ಸ್ಟಡ್‌ಗಳಲ್ಲಿ ಕೂತಿದೆ. ಅದು ಜೊತೆಗೇ ಬರಲಿ. ಆಮೇಲೆ ನೆಲದಲ್ಲಿ ಬೇರೆ ಮಾಡಿ.

ಬೋಲ್ಟ್‌ಗಳಿಗೆ ತೆಂಗಿನ ಗೆರಟೆ ಇಡಿ. ನಾವು ಹನ್ನೆರಡು ಗೆರಟೆ ಸಾಲಾಗಿ ಇಟ್ಟು, ಪ್ರತಿಯೊಂದರೊಳಗೆ ಒಂದು ಚೀಟಿ ಹಾಕಿದ್ದೆವು. ಮುಂದಿನ ಪ್ಲೇಟು, ಹಿಂದಿನ ಪ್ಲೇಟು, ಹೆಡ್ ಸ್ಟೆಡಿ, ಹೀಗೆ. ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದರೆ ಹಾಕುವಾಗ ಅಳು ಬರುತ್ತದೆ, ಯಾಕೆಂದರೆ ನೋಡಲು ಒಂದೇ ಥರ ಇದ್ದರೂ ಉದ್ದ ಬೇರೆ ಬೇರೆ.

ಮತ್ತೆ, ಕೊಟ್ಟಿಗೆ ಬಚ್ಚಲಿಗೆ ಎಷ್ಟು ದೂರ? ಹಂಡೆಯ ಒಲೆಯಲ್ಲಿ ಬೆಂಕಿ ಇರುವಾಗ ಪೆಟ್ರೋಲ್ ಟ್ಯಾಂಕ್ ತೆಗೆಯಬೇಡಿ. ಪೆಟ್ರೋಲಿನ ಆವಿ ನೆಲದ ಮೇಲೇ ಹರಿದು ಹೋಗುತ್ತದೆ. ಆ ದಿನ ಸ್ನಾನಕ್ಕೆ ತಣ್ಣೀರೇ ಆಗಲಿ.

ಬದಿಯಡ್ಕದ_ತೋಟದವ

ಅಕ್ಕ, ಬಚ್ಚಲು ಗೋಡೆಗೆ ಗೋಡೆ ತಾಗಿಕೊಂಡೇ ಉಂಟು. ಇದು ನನಗೆ ಹೊಳೆದೇ ಇರಲಿಲ್ಲ. ಟ್ಯಾಂಕನ್ನು ಮೊದಲೇ ಅಂಗಳದಲ್ಲಿ ತೆಗೆದು ಚಾವಡಿಯ ಆಚೆ ಇಡುತ್ತೇನೆ.

ಹೊಸೂರು_ಫಿಟ್ಟರ್

ಅಕ್ಕ ಹೇಳಿದ ವಿಧಾನ ಚೆನ್ನಾಗಿದೆ. ನನಗೆ ಗೊತ್ತಿರಲಿಲ್ಲ, ನಾವು ಫ್ಯಾಕ್ಟರಿಯವರು, ಕ್ರೇನಿಗೆ ಒಗ್ಗಿಹೋದವರು. ಒಂದು ಸೇರಿಸುತ್ತೇನೆ. ಬಿಗಿ ನಟ್‌ಗಳನ್ನು ಎಂಜಿನ್ ಬೈಕಿನಲ್ಲಿ ಇರುವಾಗಲೇ ಸಡಿಲ ಮಾಡಿ. ಆಲ್ಟರ್ನೇಟರ್ ರೋಟರ್ ನಟ್, ಕ್ಲಚ್ ನಡುವಿನ ನಟ್, ಗೇರ್ ಬಾಕ್ಸ್ ಸ್ಪ್ರಾಕೆಟ್ ನಟ್. ಹಿಂದಿನ ಚೈನ್ ಇರಲಿ, ಗೇರ್ ಹಾಕಿ, ಅಕ್ಕನ ಮಗ ಬ್ರೇಕ್ ತುಳಿದು ನಿಲ್ಲಲಿ. ಎಂಜಿನ್ ನೆಲಕ್ಕೆ ಬಂದ ಮೇಲೆ ಆ ನಟ್ ಬಿಚ್ಚಲು ಹೋದರೆ ನಟ್ ಬದಲು ಇಡೀ ಎಂಜಿನ್ನೇ ತಿರುಗುತ್ತದೆ.

ಎಣ್ಣೆಯನ್ನು ಹಿಂದಿನ ದಿನವೇ, ಎಂಜಿನ್ ಬಿಸಿ ಇರುವಾಗ ಇಳಿಸಿ.

ಕುಂಬಳೆ_ಕಡಲತಡಿ

ನಮ್ಮ ಕಡೆ ಉಪ್ಪುಗಾಳಿ. ಎಂಜಿನ್ ಬೋಲ್ಟ್ ಪ್ಲೇಟಿನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಮೂರು ದಿನ ಮೊದಲೇ ಬೆಳಿಗ್ಗೆ ಸಂಜೆ ಸೀಮೆಎಣ್ಣೆ ಬಿಡಿ. ಬಡಿಯುವಾಗ ಬೋಲ್ಟ್ ತುದಿಗೆ ನಟ್ ಸ್ವಲ್ಪ ಹಾಕಿ ಅದರ ಮೇಲೆ ಹಿತ್ತಾಳೆ ತುಂಡು ಇಟ್ಟು ಬಡಿಯಿರಿ. ಇಲ್ಲದಿದ್ದರೆ ಥ್ರೆಡ್ ಅಣಬೆಯ ಹಾಗೆ ಅರಳುತ್ತದೆ, ಮತ್ತೆ ಹೊರಗೆ ಬರುವುದಿಲ್ಲ.

ಅಕ್ಕಲಕೋಟೆ_ಸವಾರ

ಪಾನಾ (ಸ್ಪ್ಯಾನರ್) ಯಾವುದು ಹಾಕುತ್ತೀರಿ ಅದನ್ನೂ ನೋಡ್ರಿ. ಆ ಕಾಲದ ಬುಲೆಟ್‌ನಲ್ಲಿ ಇಂಗ್ಲಿಷ್ ಅಳತೆಯ ನಟ್ ಭಾಳ. ವಿಟ್‌ವರ್ತ್ ಪಾನಾ ಬೇಕು. ಮಿಲಿಮೀಟರ್ ಪಾನಾ ಹತ್ತಿರ ಹತ್ತಿರ ಕೂತ ಹಾಗೆ ಅನಿಸುತ್ತದೆ, ಜೋರು ಕೊಟ್ಟರೆ ಮೂಲೆ ತಿಂದು ಹಾಕುತ್ತದೆ.

ಮಡಕಶಿರದ_ಗಾಡಿ

ಸೊಲ್ಲಾಪುರದ ಅಣ್ಣ ಗಡಗಡೆ ಅಂದರು, ಬದಿಯಡ್ಕದವರು ರಾಟೆ ಅಂದರು. ಎರಡೂ ಒಂದೇನಾ?

ಬದಿಯಡ್ಕದ_ತೋಟದವ

ಒಂದೇ. ನಮ್ಮ ಮೇಸ್ತ್ರಿ ಮಲಯಾಳದವರು, ಅವರು ಕಪ್ಪಿ ಅನ್ನುತ್ತಾರೆ. ಅವರ ಹತ್ತಿರ ಮಾತಾಡುವಾಗ ಮಲಯಾಳ, ಅಕ್ಕಪಕ್ಕದವರ ಹತ್ತಿರ ತುಳು, ಮನೆಯಲ್ಲಿ ಕನ್ನಡ. ಆದರೆ ಬುಲೆಟ್‌ನ ಒಂದೊಂದು ಭಾಗವನ್ನೂ ಅಪ್ಪ ನನಗೆ ಕನ್ನಡದಲ್ಲೇ ಹೇಳಿಕೊಟ್ಟದ್ದು. ಕಿಕ್ ಹಗುರ ಮಾಡಲು ಎಂಜಿನ್ನಿನ ಒಳಗಿನ ಒತ್ತಡ ಬಿಡುವ ಡಿಕಂಪ್ರೆಸರನ್ನು ಅವರು ಉಸಿರುಗುಂಡಿ ಎನ್ನುತ್ತಿದ್ದರು. ನನಗೆ ಈಗಲೂ ಬಾಯಿಗೆ ಬರುವುದು ಅದೇ.

ಮುಳ್ಳೇರಿಯದ_ಅಕ್ಕ

ಉಸಿರುಗುಂಡಿ! ಎಷ್ಟು ಚಂದದ ಮಾತು. ಇನ್ನು ನಾನೂ ಹಾಗೇ ಹೇಳುತ್ತೇನೆ.

ಮಂಜೇಶ್ವರದ_ಮೇಷ್ಟ್ರು

ಕಾಗದಪತ್ರದ ಒಂದು ವಿಷಯ ನೆನಪಿಸುತ್ತೇನೆ. ಎಂಜಿನ್ ನಂಬರ್ ಇರುವುದು ಕ್ರ್ಯಾಂಕ್‌ಕೇಸಿನ ಮೇಲೆ. ಆರ್‌ಸಿಯಲ್ಲಿ ಇರುವುದೂ ಅದೇ. ಲೇತ್‌ಗೆ ಕೊಡುವ ಮೊದಲು ನಂಬರಿನ ಫೋಟೋ ತೆಗೆದಿಡಿ. ಕೇಸ್ ಹಾಳಾಗಿದೆ, ಬೇರೆ ಹಾಕುತ್ತೇವೆ ಎಂದು ಯಾರಾದರೂ ಹೇಳಿದರೆ ಸುಮ್ಮನೆ ಒಪ್ಪಬೇಡಿ. ಕೇಸ್ ಬದಲಾದರೆ ನಂಬರ್ ಬದಲಾದ ಹಾಗೆ, ಆರ್‌ಸಿಯಲ್ಲಿ ತಿದ್ದಿಸಬೇಕಾಗುತ್ತದೆ.

ನಿಮ್ಮದು 1974 ಅಂದರೆ 50 ವರ್ಷ ದಾಟಿತು. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಆದರೆ ಎಂಜಿನ್, ಚಾಸಿಯಲ್ಲಿ ದೊಡ್ಡ ಬದಲಾವಣೆ ಆಗಿರಬಾರದು.

ತಾಳವಾಡಿ_350

ಹಾಗೆ ಮಾಡಿಸಿದರೆ ದಿನಾ ಓಡಿಸುವ ಹಾಗಿಲ್ಲ ಮೇಷ್ಟ್ರೇ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಷ್ಟಕ್ಕೇ. ಇವರು ವಾರಕ್ಕೊಮ್ಮೆ ನೀರ್ಚಾಲಿಗೆ ಹೋಗುವವರು. ಮಾಮೂಲಿ ಆರ್‌ಸಿಯನ್ನೇ ನವೀಕರಿಸುತ್ತಾ ಹೋಗುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಬದಿಯಡ್ಕದ_ತೋಟದವ

ನನ್ನದೂ ಅದೇ ಅಭಿಪ್ರಾಯ. ಇದು ಓಡಬೇಕಾದ ಗಾಡಿ.

ಬದಿಯಡ್ಕದ_ತೋಟದವ

ಭಾನುವಾರ ಕೆಲಸ ಆಯಿತು. ಬರೆಯಲು ಎರಡು ದಿನ ತಡವಾಯಿತು, ಕ್ಷಮಿಸಿ.

ಬೆಳಿಗ್ಗೆ ಏಳಕ್ಕೆ ಶುರು. ಹಂಡೆಗೆ ಬೆಂಕಿ ಹಾಕಲಿಲ್ಲ. ಹೆಡ್ಡು, ಬ್ಯಾರೆಲ್ ತೆಗೆದು ಫಿಟ್ಟರ್ ಅಣ್ಣ ಹೇಳಿದ ಹಾಗೆ ರಾಡ್ ಎಳೆದು ನೋಡಿದೆ. ಮೇಲೆ ಕೆಳಗೆ ಕಟ್ ಕಟ್ ಎಂದು ಕೈಗೇ ತಿಳಿಯಿತು. ಮೇಸ್ತ್ರಿ ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿದ್ದರು, ನೋಡದೇ ತಲೆಯಾಡಿಸಿದರು.

ತೊಲೆಯನ್ನು ಕೆಳಗಿನಿಂದ ಚಾಣದಲ್ಲಿ ಚುಚ್ಚಿ ನೋಡಿದೆ. ಒಂದು ತುದಿ ಗೆದ್ದಲು ತಿಂದು ಟೊಳ್ಳಾಗಿತ್ತು. ಹೊರಗಿನಿಂದ ನೋಡಲು ಕಲ್ಲಿನ ಹಾಗೆ ಇತ್ತು. ಅದಕ್ಕೆ ರಾಟೆ ಕಟ್ಟಿ ಇಡೀ ಎಂಜಿನ್ ಎತ್ತಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಮುರಕಲ್ಲಿನ ಕಂಬದ ಹತ್ತಿರದ ಗಟ್ಟಿ ತುದಿಗೆ ಪೆರ್ಲದ ಅಣ್ಣನ ಚೈನ್ ಬ್ಲಾಕ್ ಹಾಕಿ ಹ್ಯಾಂಡಲ್ ಕಡೆ ಹಿಡಿಸಿದೆ. ಹಿಂದೆ ಅಡಿಕೆ ಮರದ ಕಂಬ ಎರಡು ಕತ್ತರಿ ಮಾಡಿ ಕಟ್ಟಿ ಅದಕ್ಕೆ ಪಟ್ಟಿ ಹಾಕಿದೆವು. ಫ್ರೇಮ್ ಅಲ್ಲಾಡಲಿಲ್ಲ.

ಮುಂದಿನ ಪ್ಲೇಟಿನ ಬೋಲ್ಟ್ ಸುಲಭವಾಗಿ ಬಂತು. ಹಿಂದಿನ ಕೆಳಗಿನದ್ದು ಒಂದೂವರೆ ಗಂಟೆ ತೆಗೆದುಕೊಂಡಿತು. ಸೀಮೆಎಣ್ಣೆ ಮೂರು ದಿನ ಬಿಟ್ಟಿದ್ದೆ, ಆದರೂ. ಕೊನೆಗೆ ಮೇಸ್ತ್ರಿ ಎದ್ದು ಬಂದು ಬಡಿಯುವುದು ನಿಲ್ಲಿಸಿ, ಜಾಕನ್ನು ಅರ್ಧ ಸುತ್ತು ಮೇಲೆ ಮಾಡಿ ಅಂದರು. ಮಾಡಿದೆ. ಬೋಲ್ಟ್ ಬೆರಳಿನಲ್ಲಿ ತಿರುಗಿತು. ತುಕ್ಕು ಅಲ್ಲ, ಎಂಜಿನ್ನಿನ ಭಾರವೇ ಆ ಬೋಲ್ಟಿನ ಮೇಲೆ ಕೂತಿತ್ತು.

ಇಳಿಸುವಾಗ ಟಯರಿನ ಮೇಲೆ ಅಡಿಕೆ ಹಾಳೆ ಹಾಸಿದ್ದೆವು. ಉಳಿದ ಎಣ್ಣೆ ಪೂರ್ತಿ ಹಾಳೆಯಲ್ಲಿ ನಿಂತಿತು, ನೆಲಕ್ಕೆ ಒಂದು ಹನಿ ಬೀಳಲಿಲ್ಲ. ಅಮ್ಮ ಎರಡು ಸಲ ಬಂದು ನೋಡಿದರು.

ಹೊಸೂರು_ಫಿಟ್ಟರ್

ಮೇಸ್ತ್ರಿಗೆ ನನ್ನ ನಮಸ್ಕಾರ ಹೇಳಿ. ಬೋಲ್ಟ್ ಬಿಗಿ ಆದರೆ ಮೊದಲು ಭಾರ ಬಿಡಿಸಬೇಕು ಎಂಬುದನ್ನು ನಾನೇ ಹೇಳಬೇಕಿತ್ತು.

ಆದೋನಿ_ಬುಲೆಟ್

ಇಡಿಯಾಗಿ ಇಳಿಸುವುದೇ ಸರಿ ಎಂದಿದ್ದೆ. ನಿಮ್ಮ ತೊಲೆಯ ಕಥೆ ಓದಿದ ಮೇಲೆ ಆ ಮಾತು ಹಿಂದಕ್ಕೆ ತೆಗೆದುಕೊಂಡೆ. ವಾಪಸ್ ಕೂರಿಸುವಾಗ ಹೇಳಿ, ತೂತಿಗೆ ತೂತು ಕೂಡಿಸಲು ಒಂದು ಉಪಾಯ ಇದೆ. ಅದೇ ದಪ್ಪದ ಹಳೆಯ ಬೋಲ್ಟ್ ತೆಗೆದುಕೊಂಡು ತುದಿಯನ್ನು ಪೆನ್ಸಿಲಿನ ಹಾಗೆ ಗ್ರೈಂಡ್ ಮಾಡಿ. ಅದನ್ನು ಒಂದು ಕಡೆಯಿಂದ ತಳ್ಳಿದರೆ ತೂತುಗಳು ತಾವೇ ಸಾಲಿಗೆ ಬರುತ್ತವೆ. ಅಸಲಿ ಬೋಲ್ಟನ್ನು ಇನ್ನೊಂದು ಕಡೆಯಿಂದ ಹಾಕುತ್ತಾ ಹೋದರೆ ಚೂಪು ಬೋಲ್ಟ್ ಹೊರಗೆ ಬೀಳುತ್ತದೆ. ಬೆರಳು ಹಾಕಿ ತೂತು ನೋಡಬೇಡಿ, ಯಾವತ್ತೂ.

ಅಕ್ಕಲಕೋಟೆ_ಸವಾರ

ಕಡೆಯ ಮಾತು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು.

ಬದಿಯಡ್ಕದ_ತೋಟದವ

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಲೇತ್‌ನವರು ಎರಡು ವಾರ ಅಂದದ್ದು ನಾಲ್ಕು ವಾರ ಆಯಿತು, ಆದರೆ ಕೆಲಸ ಚೆನ್ನಾಗಿ ಮಾಡಿದ್ದಾರೆ. ಮೇಸ್ತ್ರಿ ಜೋಡಿಸಿಕೊಟ್ಟರು. ನಿನ್ನೆ ಕೂರಿಸಿದೆವು.

ಹೌದು, ಕೂರಿಸುವುದೇ ಕಷ್ಟ. ಎಂಜಿನ್ ಜಾಕ್ ಮೇಲೆ ಬಂದು ಮುಂದೆ ಸರಿಯಾದರೆ ಹಿಂದೆ ಒಂದು ದಾರದಷ್ಟು ಕೆಳಗೆ. ಹಿಂದೆ ಸರಿಯಾದರೆ ಮುಂದೆ ಇಲ್ಲ. ಚೂಪು ಬೋಲ್ಟ್ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ. ಮೇಸ್ತ್ರಿ ಒಂದು ಬೋಲ್ಟನ್ನೂ ಬಿಗಿ ಮಾಡಲು ಬಿಡಲಿಲ್ಲ. ಎಲ್ಲ ಒಳಗೆ ಹೋಗಲಿ, ಎಲ್ಲ ಸಡಿಲ ಇರಲಿ, ಆಮೇಲೆ ಒಂದೊಂದಾಗಿ ಬಿಗಿ ಎಂದರು. ಅಕ್ಕನ ಮಗ ಗೆರಟೆಗಳನ್ನು ಸಾಲಾಗಿ ಹಿಡಿದುಕೊಂಡು ನಿಂತಿದ್ದ. ಕೊನೆಯಲ್ಲಿ ಒಂದೂ ಬೋಲ್ಟ್ ಉಳಿಯಲಿಲ್ಲ, ಕಮ್ಮಿಯೂ ಆಗಲಿಲ್ಲ.

ಸ್ಟಾರ್ಟ್ ಮಾಡಿಲ್ಲ. ಅದಕ್ಕೆ ಮೊದಲು ಏನಾದರೂ ನೋಡಬೇಕಾ?

ಹೊಸೂರು_ಫಿಟ್ಟರ್

ಮಾಡಬೇಡಿ, ಮಾಡಬೇಡಿ. ಎಣ್ಣೆ ಹಾಕಿ, ಪ್ಲಗ್ ತೆಗೆದಿಡಿ. ಹೆಡ್ಡಿನಲ್ಲಿ ವಾಲ್ವ್ ಒತ್ತುವ ರಾಕರ್‌ಗೆ ಎಣ್ಣೆ ಹೋಗುವ ಪೈಪಿನ ಮೇಲಿನ ಬೋಲ್ಟ್ ಸ್ವಲ್ಪ ಸಡಿಲ ಮಾಡಿ. ಅಲ್ಲಿ ಎಣ್ಣೆ ಜಿನುಗುವ ತನಕ ಕಿಕ್ ಹೊಡೆಯುತ್ತಾ ಇರಿ. ಎಣ್ಣೆ ಮೇಲೆ ಬರದೆ ಸ್ಟಾರ್ಟ್ ಮಾಡಿದರೆ ಹೊಸ ಬಿಗ್ ಎಂಡ್ ಒಣಗಿಯೇ ತಿರುಗುತ್ತದೆ. ಟ್ಯಾಪೆಟ್ (ವಾಲ್ವಿನ ಸಂದು) ಎಂಜಿನ್ ತಣ್ಣಗಿರುವಾಗಲೇ ನೋಡಿ. ರಾಕರನ್ನು ಎತ್ತುವ ಪುಷ್‌ರಾಡ್ ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಟ ಇರಬಾರದು. ಎಂಜಿನ್ನಿನ ಅರ್ತ್ ವಯರ್ ಹಾಕಿದ್ದೀರಾ? ತುಂಬಾ ಜನ ಮರೆಯುತ್ತಾರೆ.

ಬದಿಯಡ್ಕದ_ತೋಟದವ

ಅರ್ತ್ ವಯರ್ ಮರೆತಿದ್ದೆ. ಈಗ ಹಾಕಿದೆ.

ಬದಿಯಡ್ಕದ_ತೋಟದವ

ಮೂವತ್ತಕ್ಕೂ ಜಾಸ್ತಿ ಕಿಕ್ ಹೊಡೆದ ಮೇಲೆ ಪೈಪಿನ ಬಾಯಲ್ಲಿ ಎಣ್ಣೆಯ ಒಂದು ಗುಳ್ಳೆ ಬಂತು, ಆಮೇಲೆ ತೆಳ್ಳಗೆ ಹರಿಯಿತು. ಬೋಲ್ಟ್ ಬಿಗಿದು, ಪ್ಲಗ್ ಹಾಕಿ, ಕೀ ತಿರುಗಿಸಿದೆ. ಕಿಕ್ಕರನ್ನು ಮೆಲ್ಲಗೆ ಒತ್ತಿ ಆಮ್‌ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಾದು, ಉಸಿರುಗುಂಡಿ ಒತ್ತಿ ಸ್ವಲ್ಪ ದಾಟಿಸಿ, ಕಾಲು ಕೊಟ್ಟೆ. ಅಪ್ಪ ಹೇಳಿಕೊಟ್ಟ ಕ್ರಮವೇ. ನಾಲ್ಕನೆಯದಕ್ಕೆ ಹತ್ತಿತು. ಟೊಕ್ ಟೊಕ್ ಇಲ್ಲ. ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಮಾತಾಡದೆ ಸ್ವಲ್ಪ ಹೊತ್ತು ಅಲ್ಲೇ ನಿಂತರು.

ಮುಳ್ಳೇರಿಯದ_ಅಕ್ಕ

ಓದಿ ಕಣ್ಣು ತುಂಬಿತು ತಮ್ಮ.

ಆದೋನಿ_ಬುಲೆಟ್

ಮೊದಲ 500 ಕಿಲೋಮೀಟರ್ ಮೆಲ್ಲಗೆ. ಗುಡ್ಡದಲ್ಲಿ ದೊಡ್ಡ ಗೇರಿನಲ್ಲಿ ಎಳೆಸಬೇಡಿ. ಎಣ್ಣೆ ಬೇಗ ಬದಲಿಸಿ.

ಹೊಸೂರು_ಫಿಟ್ಟರ್

ಒಮ್ಮೆ ಚೆನ್ನಾಗಿ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ ಮತ್ತು ಎಂಜಿನ್ ಬೋಲ್ಟ್ ಎಲ್ಲ ಇನ್ನೊಂದು ಸಲ ನೋಡಿ.

ಬದಿಯಡ್ಕದ_ತೋಟದವ

ನಾಳೆ ಬೆಳಿಗ್ಗೆ ನೋಡುತ್ತೇನೆ. ಪೆರ್ಲದ ಅಣ್ಣ, ಚೈನ್ ಬ್ಲಾಕ್ ಒರೆಸಿ ಗೋಣಿಯಲ್ಲಿ ಕಟ್ಟಿಟ್ಟಿದ್ದೇನೆ. ಭಾನುವಾರ ಬುಲೆಟ್‌ನಲ್ಲೇ ತಂದುಕೊಡುತ್ತೇನೆ, ಮನೆಯಲ್ಲಿ ಇರುತ್ತೀರಾ?

ಪೆರ್ಲದ_ಜಾವಾ

ಇರುತ್ತೇನೆ. ಊಟಕ್ಕೆ ಬನ್ನಿ, ಅಕ್ಕನ ಮಗನನ್ನೂ ಕರೆದುಕೊಂಡು ಬನ್ನಿ.